ಮಾತಿಗೆ ಮುಂಚಿನ ಮಾತು

(ಸಂಘದ ತಿಂಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಈ ತಿಂಗಳ ಉಪನ್ಯಾಸವನ್ನು ನೀವೇ ಮಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಫೋನಿನಲ್ಲಿ ಹೇಳಿದಾಗ ನಾವು ಮೊದಲು ಮಾಡಿದ ಕೆಲಸವೆಂದರೆ ಸುಮ್ಮನಿದ್ದುದು. ಆ ಕಡೆಯಿಂದ ಅವರು, "ಕೇಳಿಸ್ತೇನ್ರಿ?" ಎಂದರು. ಕೇಳಿಸಿತ್ತು. ಉತ್ತರವೂ ಮನಸ್ಸಿನಲ್ಲಿ ಇತ್ತು; ಒಂದಲ್ಲ, ಎರಡು ಮೂರು ಉತ್ತರಗಳಿದ್ದವು. ಒಲ್ಲೆವೆಂದರೆ ಒರಟಾಗುತ್ತದೆ, ಒಪ್ಪಿದರೆ ಫಜೀತಿಯಾಗುತ್ತದೆ, ಮುಂದಿನ ತಿಂಗಳು ನೋಡೋಣವೆಂದರೆ ಜಾರಿಕೊಂಡಂತಾಗುತ್ತದೆ. ಇವುಗಳಲ್ಲಿ ಯಾವುದನ್ನು ಹೇಗೆ ಹೊರಗೆ ತರುವುದೆಂದು ಒಳಗೊಳಗೇ ಹೊಂದಿಸುತ್ತಿದ್ದೆವು. ಆ ಎರಡು ಕ್ಷಣಗಳ ಮೌನದಲ್ಲಿ ನಮ್ಮೊಳಗೆ ನಡೆದದ್ದೇನು ಎಂಬುದೇ ಇಂದಿನ ವಿಷಯ. ಎಲ್ಲರೂ ದಿನವೂ ಮಾಡುವ ಕೆಲಸವಿದು. ಆದರೆ ಮಾಡುತ್ತಿದ್ದೇವೆಂಬುದು ಯಾರ ಗಮನಕ್ಕೂ ಬಾರದು.

ನಾವು ಭಾಷಾಶಾಸ್ತ್ರ ಓದಿದವರಲ್ಲ. ವಾಣಿಜ್ಯದ ಪದವಿ ಪಡೆದು, ಬ್ಯಾಂಕಿನಲ್ಲಿ ಗುಮಾಸ್ತರಾಗಿ, ಈ ಪುಣೆಯಲ್ಲಿ ಸಂಸಾರ ಹೂಡಿದವರು. ಆದರೂ ಈ ವಿಷಯ ನಮ್ಮನ್ನು ಹಿಡಿದುಕೊಂಡದ್ದಕ್ಕೆ ಒಂದು ಕಾರಣವಿದೆ. ನಮ್ಮ ಮನೆಯಲ್ಲಿ ಒಂದು ಭಾನುವಾರ ನಡೆದ ಸಣ್ಣ ಘಟನೆ ಅದು. ಅದನ್ನು ಮರೆಮಾಚದೆ ಆಮೇಲೆ ಹೇಳುತ್ತೇವೆ. ಮೊದಲು ವಿಷಯ ನೋಡೋಣ.

ಮಾತು ಬಾಯಲ್ಲಿ ಹುಟ್ಟುವುದಿಲ್ಲವೆಂಬುದು ನಮ್ಮ ಹಿರಿಯರಿಗೆ ಹೊಸ ಸಂಗತಿಯಲ್ಲ. ಸುಮಾರು 5ನೆಯ ಶತಮಾನದ ಭರ್ತೃಹರಿ ತನ್ನ 'ವಾಕ್ಯಪದೀಯ'ದಲ್ಲಿ ಮಾತಿಗೆ ಮೂರು ಹಂತಗಳನ್ನು ಹೇಳಿದ್ದಾನೆ. ಕಿವಿಗೆ ಕೇಳುವುದು ವೈಖರೀ. ಅದಕ್ಕೆ ಹಿಂದಿನದು ಮಧ್ಯಮಾ. ಇಲ್ಲಿ ಮಾತಿಗೆ ಕ್ರಮ ಬಂದಿರುತ್ತದೆ, ಆದರೆ ಸದ್ದು ಬಂದಿರುವುದಿಲ್ಲ. ಅದಕ್ಕೂ ಹಿಂದಿನದು ಪಶ್ಯಂತೀ. ಇಲ್ಲಿ ಕ್ರಮವೂ ಇಲ್ಲ, ಹೇಳಬೇಕಾದದ್ದೆಲ್ಲ ಇಡಿಯಾಗಿ ಒಮ್ಮೆಗೇ ಇರುತ್ತದೆ. 'ಪಾಣಿನೀಯ ಶಿಕ್ಷೆ' ಎಂಬ ಗ್ರಂಥವೂ ಇದೇ ಜಾಡಿನದು: ಆತ್ಮವು ಬುದ್ಧಿಯ ಸಹಾಯದಿಂದ ಅರ್ಥಗಳನ್ನು ಕೂಡಿಸಿಕೊಂಡು, ಹೇಳಬೇಕೆಂಬ ಇಚ್ಛೆಯಿಂದ ಮನಸ್ಸನ್ನು ತೊಡಗಿಸುತ್ತದೆ, ಮನಸ್ಸು ದೇಹದ ಅಗ್ನಿಯನ್ನೂ, ಅಗ್ನಿಯು ವಾಯುವನ್ನೂ ಪ್ರೇರಿಸುತ್ತವೆ. ಹೇಳಬೇಕೆಂಬ ಆ ಇಚ್ಛೆಗೆ 'ವಿವಕ್ಷೆ' ಎಂದು ಹೆಸರು. ನಮ್ಮ ಕೇಶಿರಾಜನೂ 13ನೆಯ ಶತಮಾನದ ತನ್ನ 'ಶಬ್ದಮಣಿದರ್ಪಣ'ದಲ್ಲಿ, ಶಬ್ದವು ಅನುಕೂಲವಾದ ಗಾಳಿಯಿಂದ, ಜೀವನ ಇಷ್ಟದಂತೆ, ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುತ್ತದೆಂದಿದ್ದಾನೆ. ಕಹಳೆಗೆ ಮೊದಲು ಊದುವವನ ಇಷ್ಟ ಬೇಕು. ವ್ಯಾಕರಣ ಬರೆಯಹೊರಟವನು ಅಕ್ಷರಗಳನ್ನು ಎಣಿಸುವ ಮುಂಚೆ ಇಷ್ಟದ ಮಾತೆತ್ತಿದ್ದು ಗಮನಿಸತಕ್ಕದ್ದು.

ನಮ್ಮ ಕಾಲದ ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಗಡಿಯಾರ ಹಿಡಿದು ಕೇಳಿದ್ದಾರೆ. ಹಾಲೆಂಡಿನ ವಿಲೆಮ್ ಲೆವೆಲ್ಟ್ ಎಂಬ ವಿದ್ವಾಂಸರು 1989ರಲ್ಲಿ ಮಾತನಾಡುವಿಕೆಯ ಬಗ್ಗೆಯೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅವರ ಪ್ರಕಾರವೂ ಹಂತಗಳು ಮೂರು. ಮೊದಲನೆಯದರಲ್ಲಿ ಏನು ಹೇಳಬೇಕೆಂಬ ನಿಶ್ಚಯ. ಎರಡನೆಯದರಲ್ಲಿ ಅದಕ್ಕೆ ತಕ್ಕ ಪದಗಳ ಆಯ್ಕೆ, ವ್ಯಾಕರಣದ ಕಟ್ಟು, ಧ್ವನಿಗಳ ಜೋಡಣೆ. ಮೂರನೆಯದರಲ್ಲಿ ನಾಲಗೆ, ತುಟಿ, ಗಂಟಲುಗಳ ಕೆಲಸ. ಇದನ್ನು ಓದುವಾಗ ನಮಗೆ ನಮ್ಮ ಬ್ಯಾಂಕೇ ನೆನಪಾಯಿತು. ಹಣ ಸುಮ್ಮನೆ ಹೊರಬೀಳುವುದಿಲ್ಲ. ಗ್ರಾಹಕನ ಬೇಡಿಕೆ ಮೊದಲು, ಆಮೇಲೆ ಚೀಟಿ, ಕೊನೆಗೆ ಕ್ಯಾಶಿಯರನ ಕೈ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ನಡೆದರೂ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕೆಂಬ ನಿಯಮ ತಪ್ಪಿಲ್ಲ. ಮಾತಿನಲ್ಲಿಯೂ ಅಂಥ ಒಬ್ಬ ಅಧಿಕಾರಿ ಇದ್ದಾನೆಂದು ಲೆವೆಲ್ಟರು ಹೇಳುತ್ತಾರೆ. ಹೊರಗೆ ಬಂದ ಮಾತನ್ನು ನಮ್ಮ ಕಿವಿಯೇ ಕೇಳಿ ಪರೀಕ್ಷಿಸುತ್ತದೆ. ಹೊರಗೆ ಬಾರದ ಮಾತನ್ನೂ ಒಳಗೇ ಪರೀಕ್ಷಿಸುತ್ತೇವೆ. "ಅಲ್ಲಲ್ಲ" ಎಂದು ನಾವೇ ನಮ್ಮನ್ನು ತಿದ್ದಿಕೊಳ್ಳುವುದು ಆ ಅಧಿಕಾರಿಯ ಕೆಲಸ.

ಈ ಕಚೇರಿಯ ವೇಗವಾದರೂ ಎಂಥದು! ಒಂದು ಚಿತ್ರವನ್ನು ತೋರಿಸಿ ಅದರ ಹೆಸರು ಹೇಳೆಂದರೆ, ಚಿತ್ರ ಕಣ್ಣಿಗೆ ಬಿದ್ದ ಕ್ಷಣದಿಂದ ಬಾಯಿ ತೆರೆಯುವವರೆಗೆ ಹಿಡಿಯುವ ಕಾಲ ಸುಮಾರು 600 ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಗುರುತಿಸುವುದು, ಪದ ಆರಿಸುವುದು, ಧ್ವನಿ ಜೋಡಿಸುವುದು ಎಲ್ಲವೂ ಮುಗಿಯಬೇಕು. ಸರಾಗವಾಗಿ ಇಂಗ್ಲಿಷೋ ಡಚ್ಚೋ ಮಾತನಾಡುವವರು ಸೆಕೆಂಡಿಗೆ ಎರಡು ಮೂರು ಪದ ಆಡುತ್ತಾರೆ. ತಪ್ಪು ಬೀಳುವುದು ಸುಮಾರಾಗಿ ಸಾವಿರ ಪದಕ್ಕೆ ಒಂದು. ಸಾವಿರ ನಮೂದಿಗೆ ಒಂದೇ ತಪ್ಪು ಮಾಡುವ ಗುಮಾಸ್ತನನ್ನು ಯಾವ ಮ್ಯಾನೇಜರೂ ಬೈಯಲಾರ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜಗತ್ತಿನ ಹತ್ತು ಭಾಷೆಗಳ ಸಂಭಾಷಣೆಗಳನ್ನು ತೆಗೆದುಕೊಂಡು, ಒಬ್ಬರ ಪ್ರಶ್ನೆ ಮುಗಿದ ಮೇಲೆ ಇನ್ನೊಬ್ಬರ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಭಾಷೆಯಿಂದ ಭಾಷೆಗೆ ವ್ಯತ್ಯಾಸವಿದ್ದರೂ ಒಟ್ಟು ಸರಾಸರಿ ಸುಮಾರು 200 ಮಿಲಿಸೆಕೆಂಡು ಮಾತ್ರ. ಒಂದು ಪದ ಹೊರಡಿಸಲು 600 ಬೇಕು; ಆದರೆ ಉತ್ತರ 200ರಲ್ಲಿ ಬರುತ್ತದೆ. ಲೆಕ್ಕ ತಾಳೆಯಾಗುವುದು ಒಂದೇ ರೀತಿಯಲ್ಲಿ: ಎದುರಿನವರು ಮಾತು ಮುಗಿಸುವ ಮೊದಲೇ ನಮ್ಮ ಉತ್ತರದ ತಯಾರಿ ಶುರುವಾಗಿರುತ್ತದೆ. ನಾವು ಕೇಳುತ್ತಲೇ ಹೊಂದಿಸುತ್ತೇವೆ. ಎದುರಿನವರ ಮಾತು ಎಲ್ಲಿ ಮುಗಿದೀತೆಂದು ಊಹಿಸುತ್ತೇವೆ. ಈ ಊಹೆ ಬಹುಮಟ್ಟಿಗೆ ಉಪಕಾರಿ. ಆದರೆ ಇದೇ ಊಹೆ ಕೆಲವೊಮ್ಮೆ ಎದುರಿನವರ ಬಾಯಿ ಮುಚ್ಚಿಸುತ್ತದೆ. ಅದನ್ನು ನೆನಪಿಟ್ಟುಕೊಂಡಿರಿ.

ಒಳಗೆ ನಡೆಯುವುದನ್ನು ಹೊರಗಿನಿಂದ ಕಾಣುವುದು ಹೇಗೆ? ಹಳೆಯ ಉಪಾಯವೊಂದಿದೆ: ಬಾಯ್ತಪ್ಪುಗಳನ್ನು ಕೂಡಿಹಾಕುವುದು. 1895ರಲ್ಲಿ ವಿಯೆನ್ನಾದ ಭಾಷಾಪಂಡಿತ ರುಡಾಲ್ಫ್ ಮೆರಿಂಗರ್, ಕಾರ್ಲ್ ಮಾಯರ್ ಎಂಬವರೊಂದಿಗೆ ಸೇರಿ ಜನರ ಬಾಯ್ತಪ್ಪುಗಳ ಒಂದು ದೊಡ್ಡ ಸಂಗ್ರಹವನ್ನು ಪ್ರಕಟಿಸಿದರು. 1971ರಲ್ಲಿ ಅಮೆರಿಕದ ವಿಕ್ಟೋರಿಯಾ ಫ್ರಾಮ್ಕಿನ್ ಎಂಬ ವಿದುಷಿ, ಈ ತಪ್ಪುಗಳು ಅಡ್ಡಾದಿಡ್ಡಿಯಲ್ಲ, ಭಾಷೆಯ ನಿಯಮಕ್ಕೆ ಒಳಪಟ್ಟೇ ಆಗುತ್ತವೆಂದು ತೋರಿಸಿದರು. ಮೆರಿಲ್ ಗ್ಯಾರೆಟ್ ಎಂಬ ಇನ್ನೊಬ್ಬರು ಅವುಗಳಿಂದಲೇ ವಾಕ್ಯ ಕಟ್ಟುವ ಹಂತಗಳನ್ನು ಬಿಡಿಸಿಟ್ಟರು.

ನಮ್ಮ ಕನ್ನಡದಲ್ಲೇ ನೋಡಿ. ಒಮ್ಮೆ ಕನ್ನಡಿಗ ಗ್ರಾಹಕರೊಬ್ಬರು ಸಿಕ್ಕ ಸಂತೋಷದಲ್ಲಿ, "ಚೆಕ್ಕನ್ನು ಪೆಟ್ಟಿಗೆಯಲ್ಲಿ ಹಾಕಿ" ಎನ್ನಹೋಗಿ, "ಪೆಟ್ಟಿಗೆಯನ್ನು ಚೆಕ್ಕಿನಲ್ಲಿ ಹಾಕಿ" ಎಂದುಬಿಟ್ಟೆವು. ಇಬ್ಬರೂ ನಕ್ಕೆವು. ಆಮೇಲೆ ಯೋಚಿಸಿದರೆ ಆ ತಪ್ಪಿನೊಳಗೆ ಎಷ್ಟು ಶಿಸ್ತಿದೆ! ಅದಲುಬದಲಾದದ್ದು ನಾಮಪದಗಳು ಮಾತ್ರ. ವಿಭಕ್ತಿ ಪ್ರತ್ಯಯಗಳು ತಮ್ಮ ತಮ್ಮ ಜಾಗ ಬಿಟ್ಟು ಕದಲಲಿಲ್ಲ. 'ಅನ್ನು' ಮೊದಲಿನ ಜಾಗದಲ್ಲಿಯೇ, 'ಅಲ್ಲಿ' ಎರಡನೆಯ ಜಾಗದಲ್ಲಿಯೇ ಉಳಿದವು. ಅಷ್ಟೇ ಅಲ್ಲ. 'ಪೆಟ್ಟಿಗೆ'ಗೆ ಬೇಕಾದ ಯಕಾರ ಪೆಟ್ಟಿಗೆಯ ಜೊತೆಗೆ ಹೋಯಿತು. 'ಚೆಕ್ಕಿ'ಗೆ ಬೇಕಾದ 'ಇನ್' ಎಂಬುದು, ಹೇಳಬೇಕೆಂದಿದ್ದ ವಾಕ್ಯದಲ್ಲಿ ಇಲ್ಲದೆಯೇ ಇದ್ದದ್ದು, ತಪ್ಪು ವಾಕ್ಯದಲ್ಲಿ ಸರಿಯಾಗಿ ಬಂದು ಕೂತಿತು. ಎಂದರೆ ಮೊದಲು ವಾಕ್ಯದ ಚೌಕಟ್ಟು ಸಿದ್ಧವಾಗುತ್ತದೆ, ಆಮೇಲೆ ಅದರ ಮನೆಗಳಲ್ಲಿ ಪದಗಳು ಬಂದು ಕೂರುತ್ತವೆ, ಕೂತ ಮೇಲೆ ಸಂಧಿ ಆಗಮಗಳ ಒಪ್ಪವಾಗುತ್ತದೆ. ಮೇಲಿಂದ ಕೆಳಗೆ ಸರಿಯಾಗಿ ಗೆರೆ ಎಳೆದ ಲೆಡ್ಜರಿನಲ್ಲಿ ಎರಡು ಮೊತ್ತಗಳು ಅದಲುಬದಲಾದಂತೆ ಇದು.

ಇನ್ನೊಂದು ಬಗೆಯ ತಪ್ಪಿದೆ. "ಕಾಫಿ ತಿಂಡಿ ಆಯಿತೇ?" ಎನ್ನುವ ಬದಲು "ತಾಫಿ ಕಿಂಡಿ ಆಯಿತೇ?" ಎನ್ನುವುದು. ಇಲ್ಲಿ ಪದಗಳು ತಮ್ಮ ಜಾಗದಲ್ಲಿವೆ, ಮೊದಲಿನ ಧ್ವನಿಗಳು ಮಾತ್ರ ಹಾರಿವೆ. ಪದಗಳ ಅದಲುಬದಲು ದೂರದೂರದಲ್ಲಿ ಆಗಬಲ್ಲದು. ಧ್ವನಿಗಳದು ಬಹುಮಟ್ಟಿಗೆ ಅಕ್ಕಪಕ್ಕದಲ್ಲಿಯೇ. ಆದ್ದರಿಂದ ಪದಗಳ ಯೋಜನೆ ದೂರದವರೆಗೆ ಚಾಚಿರುತ್ತದೆ, ಧ್ವನಿಗಳ ಯೋಜನೆ ಹತ್ತಿರದಲ್ಲಷ್ಟೇ ನಡೆಯುತ್ತದೆ ಎಂದು ವಿದ್ವಾಂಸರು ಊಹಿಸಿದ್ದಾರೆ. 'ತಾಫಿ' ಎಂದಾಗ 'ತಿಂಡಿ'ಯ ತಕಾರ ಆಗಲೇ ಬಾಗಿಲಲ್ಲಿ ಬಂದು ನಿಂತಿತ್ತು, ಇಲ್ಲದಿದ್ದರೆ ಅದು ಕಾಫಿಗೆ ಹಾರುವ ಮಾತೇ ಇರಲಿಲ್ಲ.

"ಬಾಯಲ್ಲೇ ಇದೆ, ಹೊರಗೆ ಬರುತ್ತಿಲ್ಲ" ಎಂದು ನಾವು ಒದ್ದಾಡುವುದೂ ಇಂಥದೇ ಸಾಕ್ಷಿ. 1966ರಲ್ಲಿ ರೋಜರ್ ಬ್ರೌನ್, ಡೇವಿಡ್ ಮೆಕ್‌ನೀಲ್ ಎಂಬಿಬ್ಬರು ಇದನ್ನು ಪರೀಕ್ಷಿಸಿದರು. ಪದ ನೆನಪಾಗದೆ ಇರುವಾಗಲೂ ಅದರ ಮೊದಲಿನ ಅಕ್ಷರವೇನು, ಎಷ್ಟು ಉಚ್ಚಾರಖಂಡಗಳ ಪದ ಎಂಬುದನ್ನು ಜನ ಅನೇಕ ಸಲ ಸರಿಯಾಗಿ ಹೇಳಬಲ್ಲವರಾಗಿದ್ದರು. ಪದದ ಅರ್ಥ ಒಂದು ಕಪಾಟಿನಲ್ಲಿ, ಅದರ ಧ್ವನಿ ಇನ್ನೊಂದು ಕಪಾಟಿನಲ್ಲಿ; ಮೊದಲನೆಯದು ತೆರೆದಿದೆ, ಎರಡನೆಯದರ ಬೀಗ ಅರ್ಧ ತಿರುಗಿ ನಿಂತಿದೆ.

ಇನ್ನು ನಮ್ಮ ಭಾಷೆಗೇ ಸಂಬಂಧಪಟ್ಟ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನವನು ಕರ್ತೃವಿನ ಬೆನ್ನಿಗೇ ಕ್ರಿಯೆಯನ್ನು ಹೇಳಿ ಹಗುರಾಗುತ್ತಾನೆ. ನಾವು ಯಾರು, ಎಲ್ಲಿ, ಯಾವಾಗ, ಏನನ್ನು ಎಂಬುದನ್ನೆಲ್ಲ ಹೇಳಿ ಕೊನೆಗೆ ಕ್ರಿಯೆಯನ್ನು ಇಡುತ್ತೇವೆ. ಹಾಗಾದರೆ ನಾವು ಬಾಯಿ ತೆರೆಯುವಾಗ ಆ ಕೊನೆಯ ಪದ ಸಿದ್ಧವಾಗಿರುತ್ತದೆಯೇ, ಅಥವಾ ದಾರಿಯಲ್ಲಿ ಸಿದ್ಧವಾಗುತ್ತದೆಯೇ? ನಮ್ಮ ಹಾಗೆಯೇ ಕ್ರಿಯಾಪದವನ್ನು ಕೊನೆಗಿಡುವ ಜಪಾನೀ ಭಾಷೆಯಲ್ಲಿ ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ್ದಾರೆ. ಕರ್ಮಪದದಿಂದ ಶುರುವಾಗುವ ವಾಕ್ಯದಲ್ಲಿ, ಆ ಕರ್ಮಪದವನ್ನು ಉಚ್ಚರಿಸುವ ಮೊದಲೇ ಕ್ರಿಯಾಪದದ ಆಯ್ಕೆ ನಡೆದಿರುತ್ತದೆಂಬ ಕುರುಹು ಸಿಕ್ಕಿತು. ಕರ್ತೃವಿನಿಂದ ಶುರುವಾಗುವ ವಾಕ್ಯದಲ್ಲಿ ಅಂಥ ಕುರುಹು ಸಿಗಲಿಲ್ಲ. ಎಂದರೆ ಎಲ್ಲವನ್ನೂ ಮೊದಲೇ ಕಟ್ಟಿಟ್ಟುಕೊಂಡು ಹೊರಡುವುದಿಲ್ಲ, ಏನೂ ಇಲ್ಲದೆಯೂ ಹೊರಡುವುದಿಲ್ಲ. ಯಾವ ಪದ ಯಾವುದನ್ನು ನೆಚ್ಚಿಕೊಂಡಿದೆಯೋ ಅಷ್ಟನ್ನು ಮುಂದಾಗಿ ಸಿದ್ಧಪಡಿಸುತ್ತೇವೆ.

ನಮ್ಮ ಕನ್ನಡದ ವ್ಯಾಕರಣವೂ ಇದಕ್ಕೊಂದು ಸಾಕ್ಷಿ ಹೇಳುತ್ತದೆ. "ನಾನು ದುಡ್ಡು ಕೊಡುತ್ತೇನೆ." "ನನಗೆ ದುಡ್ಡು ಬೇಕು." "ನನ್ನ ಹತ್ತಿರ ದುಡ್ಡು ಇದೆ." ಮೂರರಲ್ಲಿಯೂ ಇರುವವರು ನಾವೇ, ದುಡ್ಡೂ ಅದೇ. ವ್ಯತ್ಯಾಸವಿರುವುದು ಕೊನೆಯ ಪದದಲ್ಲಿ. ಆದರೆ ಆ ಕೊನೆಯ ಪದ 'ಕೊಡು'ವಂಥದೋ, 'ಬೇಕು' ಎಂಬಂಥದೋ, 'ಇದೆ' ಎಂಬಂಥದೋ ಎಂಬುದು ಗೊತ್ತಿಲ್ಲದೆ 'ನಾನು' ಎನ್ನಬೇಕೋ, 'ನನಗೆ' ಎನ್ನಬೇಕೋ, 'ನನ್ನ' ಎನ್ನಬೇಕೋ ಗೊತ್ತಾಗುವಂತಿಲ್ಲ. ಕೊನೆಯಲ್ಲಿ ಬರುವವನ ನೆರಳು ಮೊದಲನೆಯವನ ಮೇಲೆ ಬಿದ್ದಿರುತ್ತದೆ. ಅವಸರದಲ್ಲಿ "ನಾನು... ನನಗೆ ಗೊತ್ತಿಲ್ಲ" ಎಂದು ಎಷ್ಟು ಸಲ ತಿದ್ದಿಕೊಳ್ಳುವುದಿಲ್ಲ ನಾವು? ಬಾಯಿ ಹೊರಟಿತ್ತು, ನೆರಳು ಇನ್ನೂ ಬಿದ್ದಿರಲಿಲ್ಲ, ಅಷ್ಟೇ.

ಹೊರನಾಡಿನ ನಮಗೆ ಇದರ ಮೇಲೆ ಇನ್ನೊಂದು ಹೊರೆ. ಮರಾಠಿಯಲ್ಲಿಯೂ ಕ್ರಿಯಾಪದ ಕೊನೆಗೇ ಬರುವುದರಿಂದ ವಾಕ್ಯದ ದಾರಿ ಪರಿಚಿತವೇ. ತೊಡಕಿರುವುದು ಲಿಂಗದಲ್ಲಿ. ಕನ್ನಡದಲ್ಲಿ ನಿಮ್ಮ ಖಾತೆ, ನಿಮ್ಮ ಸಹಿ, ನಿಮ್ಮ ಅರ್ಜಿ. ಮೂರಕ್ಕೂ 'ನಿಮ್ಮ' ಎಂದರೆ ಮುಗಿಯಿತು. ಮರಾಠಿಯಲ್ಲಿ ತುಮಚಂ ಖಾತಂ, ತುಮಚೀ ಸಹೀ, ತುಮಚಾ ಅರ್ಜ. ಮುಂದೆ ಬರುವ ನಾಮಪದವೂ ಅದರ ಲಿಂಗವೂ ಮನಸ್ಸಿಗೆ ಬಾರದೆ 'ನಿಮ್ಮ' ಎಂಬ ಮೊದಲಿನ ಪದವನ್ನೇ ಮುಗಿಸುವಂತಿಲ್ಲ. ಕೌಂಟರಿಗೆ ಬಂದ ಹೊಸದರಲ್ಲಿ ನಾವು ಈ 'ತುಮಚ' ಎಂಬಲ್ಲಿಗೆ ಬಂದು ನಿಂತುಬಿಡುತ್ತಿದ್ದೆವು. ಎದುರಿಗೆ ಸಾಲು ಬೆಳೆಯುತ್ತಿತ್ತು. ಪಾಪ, ಒಬ್ಬ ವೃದ್ಧರು ಮಾತ್ರ ನಾವು ಮುಗಿಸುವವರೆಗೂ ಕನ್ನಡಕ ಒರೆಸಿಕೊಳ್ಳುತ್ತ ನಿಂತಿರುತ್ತಿದ್ದರು. ನಮಗೆ ಮರಾಠಿ ಬಂದದ್ದು ಅಂಥವರಿಂದ; ನಾವು ಬಾಯಿ ತೆರೆಯುವ ಮುಂಚೆಯೇ "ಕಾಯ್ ಕಾಯ್" ಎಂದು ಅವಸರಪಡಿಸಿದವರಿಂದ ಅಲ್ಲ.

ತಡೆದು ಮಾತನಾಡುವುದು ಬುದ್ಧಿಮಾಂದ್ಯವಲ್ಲ. ಲಂಡನ್ನಿನಲ್ಲಿ ಸಂಶೋಧನೆ ನಡೆಸಿದ ಫ್ರೀಡಾ ಗೋಲ್ಡ್‌ಮನ್ ಐಸ್ಲರ್ ಎಂಬವರು ಮಾತಿನ ನಡುವಿನ ಮೌನಗಳನ್ನೇ ವರ್ಷಗಟ್ಟಲೆ ಅಳೆದು 1968ರಲ್ಲಿ ಒಂದು ಗ್ರಂಥ ಬರೆದರು. ವ್ಯಂಗ್ಯಚಿತ್ರಗಳನ್ನು ತೋರಿಸಿ, ಅದರಲ್ಲಿ ಏನಿದೆ ಎಂದು ಬಣ್ಣಿಸಲು ಹೇಳಿದಾಗ ಮೌನ ಕಡಿಮೆ. ಅದರ ಸಾರಾಂಶವೇನೆಂದು ಕೇಳಿದಾಗ ಮೌನ ಹೆಚ್ಚು. ಅದೇ ಮಾತನ್ನು ಮತ್ತೆ ಮತ್ತೆ ಹೇಳಿಸಿದಾಗ ಮೌನ ಇಳಿಯುತ್ತ ಬಂತು. ಹೊಸದಾಗಿ ಯೋಚಿಸುವಷ್ಟು ಹೊತ್ತು ಮಾತು ನಿಲ್ಲುತ್ತದೆ. ಆ ಬಿಡುವನ್ನು ತುಂಬಲು ಪ್ರತಿಯೊಂದು ನಾಡೂ ಏನಾದರೊಂದು ಪದ ಇಟ್ಟುಕೊಂಡಿದೆ. ನಮ್ಮ ಧಾರವಾಡದ ಕಡೆಯ "ಏನಪಾ ಅಂದ್ರ" ಎಂಬುದು ಸುಮ್ಮನೆ ಬಂದದ್ದಲ್ಲ. "ತಡೆಯಿರಿ, ಒಳಗೆ ಚೀಟಿ ಬರೆಯುತ್ತಿದ್ದಾರೆ" ಎಂದು ಅದರ ಅರ್ಥ.

ಎರಡು ಮೂರು ಭಾಷೆಗಳಲ್ಲಿ ಬದುಕುವವರಿಗೆ ಈ ಬಿಡುವು ತುಸು ಹೆಚ್ಚೇ ಬೇಕು. ಚಿತ್ರ ನೋಡಿ ಹೆಸರು ಹೇಳುವ ಪರೀಕ್ಷೆಗಳಲ್ಲಿ ದ್ವಿಭಾಷಿಗಳು ಒಂದೇ ಭಾಷೆಯವರಿಗಿಂತ ಕೊಂಚ ನಿಧಾನವೆಂದೂ, "ಬಾಯಲ್ಲೇ ಇದೆ" ಎನ್ನುವ ಪರದಾಟ ಅವರಲ್ಲಿ ಹೆಚ್ಚೆಂದೂ ಸಂಶೋಧಕರು ಕಂಡಿದ್ದಾರೆ. ಕಾರಣ ಸರಳ. ದಿನಕ್ಕಿರುವ ಗಂಟೆಗಳು ಎಲ್ಲರಿಗೂ ಅಷ್ಟೇ. ಅವನ್ನು ಎರಡು ಭಾಷೆಗಳಿಗೆ ಹಂಚಿದರೆ ಒಂದೊಂದು ಪದದ ಬಳಕೆಯೂ ಕಡಿಮೆಯಾಗುತ್ತದೆ. ಅದರ ಮೇಲೆ, ಒಂದು ಭಾಷೆಯಲ್ಲಿ ಮಾತನಾಡುವಾಗ ಇನ್ನೊಂದು ಮಲಗಿರುವುದಿಲ್ಲ. ಅದರ ಪದಗಳೂ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಅವನ್ನು ಹಿಂದೆ ಸರಿಸಿ ಬೇಕಾದದ್ದನ್ನು ಕರೆಯಬೇಕು. ನಮ್ಮ ಮಕ್ಕಳು ಕನ್ನಡದಲ್ಲಿ ತಡವರಿಸುವಾಗ ಅವರು ಮಾಡುತ್ತಿರುವುದು ನಮಗಿಂತ ಹೆಚ್ಚಿನ ಕೆಲಸ.

ಇನ್ನು ನಮ್ಮ ಮನೆಯ ಸಂಗತಿ.

ನಮ್ಮ ತಾಯಿಯವರು ಧಾರವಾಡದಲ್ಲಿದ್ದಾರೆ. ಭಾನುವಾರ ಬೆಳಿಗ್ಗೆ ಅವರಿಗೆ ಫೋನು ಮಾಡುವುದು ರೂಢಿ. ಒಂಬತ್ತು ವರ್ಷದ ಮಗಳು ಅಜ್ಜಿಯೊಡನೆ ಮಾತನಾಡುತ್ತಾಳೆ. ನಾವು ಪಕ್ಕದಲ್ಲಿ ಕೂತಿರುತ್ತೇವೆ. ಹುಡುಗಿಯ ಶಾಲೆ, ಗೆಳತಿಯರು, ಆಟ ಎಲ್ಲ ಮರಾಠಿ ಇಂಗ್ಲಿಷುಗಳಲ್ಲಿ. ಕನ್ನಡ ಮನೆಯಲ್ಲಿ ಮಾತ್ರ. ಅವಳು ನಡುವೆ ನಿಂತಳೆಂದರೆ ನಮಗೆ ತಡೆಯದು. ಒಂದು, ಅವ್ವ ಆ ಕಡೆಯಿಂದ "ಹಲೋ, ಹಲೋ, ಲೈನ್ ಹೋತೇನ?" ಎನ್ನುತ್ತಾರೆ. ಇನ್ನೊಂದು, ಮಗಳಿಗೆ ಕನ್ನಡ ಬರುವುದಿಲ್ಲವೆಂದು ಅವ್ವ ತಿಳಿದಾರೆಂಬ ನಾಚಿಕೆ. ಆದ್ದರಿಂದ ನಾವು ಹಿಂದಿನಿಂದ ಪದ ಎತ್ತಿಕೊಡುತ್ತಿದ್ದೆವು. ಸಹಾಯ ಮಾಡುತ್ತಿದ್ದೇವೆಂದೇ ತಿಳಿದಿದ್ದೆವು.

ಆ ಭಾನುವಾರ ಅವಳು, "ಅಜ್ಜಿ, ನಾವು ಸಾಲಿಯಿಂದ ಎಲ್ಲಾರೂ ಕೂಡಿ ಶುಕ್ರವಾರ ಸಿಂಹಗಡಕ್ಕ..." ಎಂದು ನಿಂತಳು. ನಾವು ಕೂಡಲೇ, "ಹೋಗಿದ್ವಿ ಅನ್ನು" ಎಂದೆವು. ಅವಳು ನಮ್ಮನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ಅದು ಫೋನಿನಲ್ಲಿ ಕೇಳಿಸಿ ಅವ್ವ, "ಹೌದೇನವಾ? ಗುಡ್ಡಾ ಹತ್ತಿದೇನು? ದಣಿವಾತೇನು?" ಎಂದು ಸಂಭ್ರಮದಿಂದ ಕೇಳತೊಡಗಿದರು. ಹುಡುಗಿ ಫೋನನ್ನು ನಮ್ಮ ಕೈಗಿಟ್ಟು, "ನೀವ ಮಾತಾಡ್ರಿ ಅಪ್ಪಾ. ನಾ ಏನ ಹೇಳ್ತೀನಂತ ನಿಮಗ ಮೊದ್ಲ ಗೊತ್ತಿರ್ತೈತಲ್ಲ" ಎಂದು ಒಳಗೆ ಹೋದಳು.

ಅವರು ಸಿಂಹಗಡಕ್ಕೆ ಹೋಗಿರಲಿಲ್ಲ. ಮಳೆಯೆಂದು ಪ್ರವಾಸ ರದ್ದಾಗಿತ್ತು. ಹುಡುಗಿ ಶುಕ್ರವಾರವೆಲ್ಲ ಅತ್ತಿದ್ದಳಂತೆ. ನಮ್ಮ ಮನೆಯವರಿಗೆ ಗೊತ್ತಿತ್ತು. ಬ್ಯಾಂಕಿನಿಂದ ತಡವಾಗಿ ಬರುವ ನಮಗೆ ಗೊತ್ತಿರಲಿಲ್ಲ. "ಹೋಗೋದಿತ್ತು, ಆದರ ಹೋಗಲಿಲ್ಲ" ಎಂದು ಅವಳು ತನ್ನ ದುಃಖವನ್ನು ಅಜ್ಜಿಗೆ ಹೇಳಹೊರಟಿದ್ದಳು. ಕನ್ನಡದ ವಾಕ್ಯದಲ್ಲಿ ಹೌದೋ ಅಲ್ಲವೋ ಎಂಬುದು ಕೊನೆಯ ಪದದಲ್ಲಿದೆ. ಆ ಕೊನೆಯ ಪದವನ್ನೇ ನಾವು ಅವಳ ಬಾಯಿಂದ ಕಿತ್ತುಕೊಂಡು, ಅದರ ಜಾಗದಲ್ಲಿ ನಮ್ಮದನ್ನು ಇಟ್ಟಿದ್ದೆವು. ಬ್ಯಾಂಕಿನಲ್ಲಿ ಬೇರೊಬ್ಬರ ಚೀಟಿಯ ಮೇಲೆ ನಾವು ಮೊತ್ತ ಬರೆದಿದ್ದರೆ ಮರುದಿನ ನಮ್ಮ ನೌಕರಿ ಉಳಿಯುತ್ತಿರಲಿಲ್ಲ.

ಆಮೇಲೆ ಸುಮಾರು ನಾಲ್ಕು ತಿಂಗಳು ಅವಳು ಅಜ್ಜಿಯೊಡನೆ "ಹೂಂ", "ಆರಾಮ", "ಆತು" ಎಂಬ ಮೂರು ಪದಗಳಿಗಿಂತ ಹೆಚ್ಚು ಆಡಲಿಲ್ಲ. ತಪ್ಪಾಗಲು ಆಸ್ಪದವಿಲ್ಲದ, ಯಾರೂ ಪೂರ್ತಿಮಾಡಲಾಗದ ಪದಗಳವು. ಅವ್ವನಿಗೆ ಬೇಸರವಾಯಿತು, ಬಾಯಿಬಿಟ್ಟು ಹೇಳಲಿಲ್ಲ. ಮನೆಯ ಭಾಷೆ ಒಂದು ತಲೆಮಾರಿನಲ್ಲಿ ಹೋಗುವುದು ಹೇಗೆಂದು ನಾವು ಸಭೆಗಳಲ್ಲಿ ಕೇಳುತ್ತಿರುತ್ತೇವೆ. ಶಾಲೆಯನ್ನೂ, ನೆರೆಹೊರೆಯನ್ನೂ, ಟೀವಿಯನ್ನೂ ದೂರುತ್ತೇವೆ. ಅವುಗಳ ಪಾಲು ಇದ್ದೇ ಇದೆ. ಆದರೆ ನಮ್ಮ ಮನೆಯಲ್ಲಿ ಅದು ಹೋಗಹತ್ತಿದ್ದು ಕನ್ನಡದ ಮೇಲೆ ಬಹಳ ಅಭಿಮಾನವಿದ್ದ ನಮ್ಮಿಂದಲೇ. ಇದನ್ನು ನಿಮ್ಮೆದುರು ಒಪ್ಪಿಕೊಳ್ಳುವುದಕ್ಕೆ ಸಂಕೋಚವಿಲ್ಲ.

ಆಗಲೇ ನಾವು ಈ ವಿಷಯವನ್ನು ಓದತೊಡಗಿದ್ದು. ಓದಿದ್ದರಿಂದ ಆದ ಲಾಭ ಒಂದೇ: ಸುಮ್ಮನಿರುವುದನ್ನು ಕಲಿತದ್ದು. ಮಗಳು ನಿಂತಾಗ ನಾವು ಮನಸ್ಸಿನಲ್ಲಿಯೇ ನೋಟು ಎಣಿಸುತ್ತೇವೆ. ಹತ್ತು ಎಣಿಸುವಷ್ಟರಲ್ಲಿ ಅನೇಕ ಸಲ ಮಾತು ಬಂದುಬಿಡುತ್ತದೆ. ಬಾರದಿದ್ದರೆ ಅವಳೇ ತಿರುಗಿ, "ಅಪ್ಪಾ, ಪಾವಸಾಕ್ಕ ಏನಂತಾರ?" ಎಂದು ಮರಾಠಿ ಪದದ ಕನ್ನಡ ಕೇಳುತ್ತಾಳೆ. "ಮಳಿ" ಎಂದಷ್ಟೇ ಹೇಳುತ್ತೇವೆ. ಕೇಳಿದ ಪದ ಕೊಡುತ್ತೇವೆ, ಕೇಳದ ವಾಕ್ಯ ಕೊಡುವುದಿಲ್ಲ. ತಪ್ಪಾಡಿದರೆ ನಡುವೆ ತಿದ್ದುವುದಿಲ್ಲ; ಅವಳು ಮುಗಿಸಿದ ಮೇಲೆ ಅದೇ ಮಾತನ್ನು ಸರಿಯಾಗಿ ಬಳಸಿ ಉತ್ತರ ಕೊಡುತ್ತೇವೆ. ಒಮ್ಮೆ "ಅಜ್ಜಿ ಯಾವಾಗ ಬರ್ತೈತಿ?" ಎಂದಳು. ನಗು ಬಂತು, ನುಂಗಿಕೊಂಡೆವು. "ಅಜ್ಜಿ ದೀಪಾವಳಿಗೆ ಬರ್ತಾರ" ಎಂದೆವು. ಮುಂದಿನ ವಾರ ಅವಳೇ "ಬರ್ತಾರ" ಎಂದಳು. ಎಲ್ಲ ತಪ್ಪುಗಳೂ ಹೀಗೆ ಹೋಗಿಲ್ಲ. ಅದರ ಚಿಂತೆಯನ್ನು ನಾವೂ ಬಿಟ್ಟಿದ್ದೇವೆ.

ಸಂಘದ ಕನ್ನಡ ತರಗತಿ ನಡೆಸುವ ಸೋದರಿಯರಲ್ಲಿಯೂ, ಇಲ್ಲಿ ಕೂಡಿರುವ ತಂದೆತಾಯಿಯರಲ್ಲಿಯೂ ನಮ್ಮ ವಿನಂತಿ ಇಷ್ಟೇ. ಕೂಸು ಕನ್ನಡದಲ್ಲಿ ಬಾಯಿ ತೆರೆದು ನಿಂತಾಗ, ಅದಕ್ಕೆ ಬರುವುದಿಲ್ಲವೆಂದು ತೀರ್ಮಾನಿಸಬೇಡಿ. ಒಳಗೆ ಪದ ಆರಿಸುತ್ತಿರುತ್ತದೆ, ವಿಭಕ್ತಿ ಹಚ್ಚುತ್ತಿರುತ್ತದೆ, ಇನ್ನೆರಡು ಭಾಷೆಗಳನ್ನು ಹಿಂದಕ್ಕೆ ಸರಿಸುತ್ತಿರುತ್ತದೆ. ರಾಜ್ಯೋತ್ಸವದ ವೇದಿಕೆಯ ಮೇಲೆ ಬಾಯಿಪಾಠದ ಭಾಷಣವನ್ನು ಗಿಣಿಯಂತೆ ಒಪ್ಪಿಸುವ ಮಗುವಿಗೆ ಚಪ್ಪಾಳೆ ತಟ್ಟುತ್ತೇವೆ, ಒಳ್ಳೆಯದೇ. ಆದರೆ ತನ್ನದೇ ಒಂದು ವಾಕ್ಯವನ್ನು ತಡವರಿಸಿ ಮುಗಿಸುವ ಮಗುವೂ ಅಷ್ಟೇ ಚಪ್ಪಾಳೆಗೆ ಅರ್ಹ. ಮೊದಲನೆಯದು ಮಾಡಿದ್ದು ವೈಖರೀ ಮಾತ್ರ. ಎರಡನೆಯದು ಮೂರು ಹಂತಗಳನ್ನೂ ತಾನೇ ದಾಟಿ ಬಂದಿದೆ.

ಕಳೆದ ಭಾನುವಾರದ ಮಾತು ಹೇಳಿ ಮುಗಿಸುತ್ತೇವೆ. ಮಗಳು ಅಜ್ಜಿಗೆ ಏನೋ ಉದ್ದದ ಸಂಗತಿ ಹೇಳುತ್ತಿದ್ದವಳು ನಡುವೆ ನಿಂತಳು. ನಾವು ನೋಟು ಎಣಿಸುತ್ತಿದ್ದೆವು. ಆ ಕಡೆ ಅವ್ವನ ಪಕ್ಕದಲ್ಲಿದ್ದ ಯಾರೋ, "ಲೈನ್ ಹೋತೇನ್ರಿ?" ಎಂದು ಕೇಳಿದ್ದು ಫೋನಿನಲ್ಲಿ ಕೇಳಿಸಿತು. ಅವ್ವ ಹೇಳಿದರು:

"ಲೈನ್ ಎಲ್ಲಿ ಹೋಗೈತಿ? ಕೂಸು ಮಾತು ಜೋಡಸಾಕತ್ತೈತಿ. ಸುಮ್ನಿರು."

ಇಷ್ಟು ಹೊತ್ತು ನೀವೂ ಹಾಗೆಯೇ ಸುಮ್ಮನಿದ್ದು ನಮ್ಮ ಮಾತು ಮುಗಿಯಗೊಟ್ಟಿರಿ.